ಹಾಳೆರಾಯ ಬಿದ್ದ ಸದ್ದು

“ಅಮ್ಮಾ, ಅಜ್ಜೀನ ಮಡಚಿದ್ರೆ ಏನಾಗ್ತಾಳೆ?”

ಐದು ವರ್ಷದ ಇಂಚರ ಹೀಗೆ ಕೇಳಿದಾಗ ಯಶೋದಾ ಎಸರಿಗೆ ರಾಗಿಹಿಟ್ಟು ಹಾಕಿ ಮುದ್ದೆಕೋಲು ತಿರುವುತ್ತಿದ್ದಳು. ಕೋಲು ನಿಂತಿತು. ಮುದ್ದೆ ಗಂಟಾಯಿತು. ಅವಳು ಮೊದಲು ಹಿಂದೆ ತಿರುಗಿ ಅತ್ತೆ ಎಲ್ಲಿದ್ದಾರೆಂದು ನೋಡಿದಳು. ಮಗಳಿಗೆ ಉತ್ತರ ಆಮೇಲೆ. ಸೊಸೆಯಾದವಳಿಗೆ ಈ ಕ್ರಮ ತಪ್ಪಬಾರದು!

“ಅಜ್ಜಿ ಮಡಚೋ ಪೈಕಿ ಅಲ್ಲ ಕಣೇ. ಆಡ್ಕೋ ಹೋಗು.”

“ಯಾರನ್ನೇ ಅದು ಮಡಚಾದು?” ಎಂದು ಹಿತ್ತಲಿನಿಂದ ದನಿ ಬಂತು. ಹಿತ್ತಲಿಗೂ ಅಡುಗೆಮನೆಗೂ ನಡುವೆ ಎರಡು ಗೋಡೆ, ಒಂದು ಬಚ್ಚಲು, ನಲ್ಲಿ ಕೆಳಗೆ ಭೋರೆಂದು ತುಂಬುತ್ತಿದ್ದ ಡ್ರಮ್ಮು ಇದ್ದವು. ಅತ್ತೆ ಏಕನಾಥಮ್ಮನವರ ಕಿವಿಗಾಗಲಿ ದನಿಗಾಗಲಿ ಅವು ಯಾವುವೂ ಲೆಕ್ಕಕ್ಕಿರಲಿಲ್ಲ.

ಮಗುವಿನದೇನೂ ತಪ್ಪಿಲ್ಲ. ತಪ್ಪೆಲ್ಲ ಅವಳ ಚಿಕ್ಕಪ್ಪ ಪ್ರದೀಪನದು. ಆ ಕಾಲಕ್ಕೆ ಅವರೆಲ್ಲ ಚಿತ್ರದುರ್ಗದ ಒಂದು ಬಾಡಿಗೆ ಮನೆಯಲ್ಲಿದ್ದರು. ಅದರ ನಡುಕೋಣೆಯಲ್ಲಿ ಪ್ರದೀಪ ಒಬ್ಬನೇ ಕೂತು ಒಂದು ವಿಡಿಯೋ ಗೇಮ್ ಕಟ್ಟುತ್ತಿದ್ದ. ಅದರ ನಾಯಕ ಒಂದು ಹಾಳೆ! ಶಾಲೆಯ ಗೆರೆ ನೋಟ್‌ಬುಕ್ಕಿನಿಂದ ಹರಿದ, ಎರಡು ಕಣ್ಣಿನ ಹಾಳೆ. ಹೆಸರು ಹಾಳೆರಾಯ. ನೀರು ಎದುರಾದರೆ ರಾಯರು ತಮ್ಮನ್ನು ತಾವೇ ಮಡಚಿಕೊಂಡು ದೋಣಿಯಾಗುವರು. ಕಂದಕ ಬಂದರೆ ವಿಮಾನ. ಮೆಟ್ಟಿಲು ಬಂದರೆ ಕಪ್ಪೆ. ಬಂಡೆಯ ಬಿರುಕು ಬಂದರೆ ಮಡಿಕೆಗಳನ್ನೆಲ್ಲ ಬಿಚ್ಚಿ, ಚಪ್ಪಟೆಯಾಗಿ ನುಸುಳುವರು. ಎಲ್ಲಿ ಯಾವ ಆಕಾರ ತಾಳಬೇಕೆಂಬುದೇ ಒಗಟು. ಎಣಿಕೆ ತಪ್ಪಿತೋ, ರಾಯರು ಬೀಳುವರು. ಎದ್ದು ಮತ್ತೆ ಶುರು. ಆಟದ ತುಂಬ ದುರ್ಗದ ಬಂಡೆಗಳು, ಗುಡ್ಡದ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು. ಇಂಚರ ಅದನ್ನು ನೋಡಿ ನೋಡಿ, ಕಣ್ಣಿಗೆ ಬಿದ್ದವರನ್ನೆಲ್ಲ ಮನಸ್ಸಿನಲ್ಲೇ ಮಡಚುತ್ತಿದ್ದಳು.

ಯಶೋದಾಗೂ ಆ ಹಾಳೆರಾಯನೆಂದರೆ ಜೀವ. ಅವನು ದೋಣಿಯಾದಾಗಲೆಲ್ಲ ಅವಳಿಗೆ ಮಾಡದಕೆರೆಯ ಶಾಲೆ ನೆನಪಾಗುತ್ತಿತ್ತು. ಮೊದಲ ಮಳೆ ಬಿದ್ದ ದಿನ ಶಾಲೆಯ ಪಕ್ಕದ ಕಾಲುವೆಗೆ ಕೆಮ್ಮಣ್ಣಿನ ನೀರು ಬರುತ್ತಿತ್ತು. ಹುಡುಗಿಯರೆಲ್ಲ ಲಂಗ ಎತ್ತಿ ಕಟ್ಟಿ ದೋಣಿ ಬಿಡಲು ಕೂರುತ್ತಿದ್ದರು. ಸಾದಾ ದೋಣಿ ಯಾರಿಗಾದರೂ ಬರುತ್ತಿತ್ತು. ಚೂಪು ಮೂತಿಯ ಕತ್ತಿದೋಣಿ ಬರುತ್ತಿದ್ದುದು ಯಶೋದಾಗೆ ಮಾತ್ರ! ಅವಳ ಗಣಿತದ ನೋಟ್‌ಬುಕ್ಕು ದೀಪಾವಳಿ ಹೊತ್ತಿಗೆ ಅರ್ಧಕ್ಕಿಳಿಯುತ್ತಿತ್ತು. ಮಗಳು ಓದಿ ಓದಿಯೇ ಪುಸ್ತಕ ಸವೆದಿದೆ ಎಂದು ಅವಳಪ್ಪ ಊರಲ್ಲೆಲ್ಲ ಹೇಳಿಕೊಂಡು ಓಡಾಡಿದ್ದರು. ಆ ಕತ್ತಿದೋಣಿಯ ಮಡಿಕೆಗಳನ್ನು ಮೈದುನನಿಗೆ ಹೇಳಿಕೊಟ್ಟವಳು ಅವಳೇ. ಹಾಗಾಗಿ ಆಟದ ನಾಯಕನಿಗೆ ತಾನು ಅರ್ಧ ತಾಯಿ ಎಂಬ ಭಾವ ಅವಳಲ್ಲಿ ಗಟ್ಟಿಯಾಗಿ ಕೂತಿತ್ತು.

ಆದರೆ ಅವಳ ಗಂಡ ಶಿವರಾಜ್ ಟ್ರ್ಯಾಕ್ಟರ್ ಮಾರುವ ಷೋರೂಮಿನವನು. ಹಾಳೆ ಅವನಿಗೆ ಹಾಳೆಯೇ.

“ನೋಡಪ್ಪ ಪ್ರದೀಪ, ನೀನು ಮಡಚ್ತಾನೇ ಇದೀಯ, ನಾನು ನೋಡ್ತಾನೇ ಇದೀನಿ,” ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ತೀರ್ಪು ಕೊಟ್ಟ. “ಬೆಂಗ್ಳೂರಲ್ಲಿ ಅದ್ಯಾವ್ದೋ ಗೇಮ್ ಮೇಳ ಐತೆ, ಕಳಿಸ್ತೀನಿ ಅಂದ್ಯಲ್ಲ, ಕಳಿಸು. ತಗಂಡ್ರೆ ಸಂತೋಷ. ತಗಳ್ಳಿಲ್ಲ ಅಂದ್ರೆ ಭೀಮಸಮುದ್ರದ ಪಂಚಾಕ್ಷರಪ್ಪೋರ ಅಡಿಕೆ ಮಂಡಿಗೆ ಹೋಗು. ಅವರಿಗೆ ಕಂಪ್ಯೂಟರ್ ಗೊತ್ತಿರೋ ಹುಡುಗ ಬೇಕಂತೆ. ನಾನು ಮಾತಾಡಿದೀನಿ.”

“ಆತಣ್ಣ,” ಎಂದ ಪ್ರದೀಪ. ಹಾಗೆ ಅಂದು, ತಾನೇ ನಾಲ್ಕು ಮಡಿಕೆಯಾದಂತೆ ತಟ್ಟೆಯ ಮೇಲೆ ಬಾಗಿದ. ಅದನ್ನು ನೋಡಿ ಯಶೋದಾ ಅವನ ತಟ್ಟೆಗೆ ಇನ್ನರ್ಧ ಮುದ್ದೆ ಹಾಕಿದಳು.

ಆಟ ಮುಗಿದಿತ್ತು, ಬಾಕಿಯಿದ್ದದ್ದು ಸದ್ದುಗಳು ಮಾತ್ರ. ಹಾಳೆ ಮಡಚುವ ಸದ್ದು, ಬಿಚ್ಚುವ ಸದ್ದು, ಗಾಳಿಗೆ ಪಟಪಟ ಎನ್ನುವ ಸದ್ದು, ಕೊನೆಗೆ ಬೀಳುವ ಸದ್ದು. ನಿಜವಾದ ಹಾಳೆಯ ಸದ್ದೇ ಬೇಕೆಂದು ಪ್ರದೀಪನ ಹಟ. ಆದರೆ ಅವನಿಗೆ ಧೂಳಿನ ಅಲರ್ಜಿ. ಹಾಳೆ ಎತ್ತಿದ ಕೂಡಲೇ ಸೀನು. ಸೀನು ಹಿಡಿದುಕೊಂಡರೆ ಏಕನಾಥಮ್ಮನವರ ದನಿ!

ಆ ದನಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಏಕನಾಥಮ್ಮ ಐಮಂಗಲದ ಕಡೆಯ ಕುರಿ ಸಾಕುವ ಮನೆಯ ಮಗಳು. ಹುಡುಗಿಯಾಗಿದ್ದಾಗ ಹೆದ್ದಾರಿಯ ಆಚೆ ಮಂದೆ ಬಿಟ್ಟುಕೊಂಡು, ಈಚೆ ನಿಂತು ಕೂಗಿ ಕರೆದವರು. ಲಾರಿ ಬಸ್ಸುಗಳ ಸದ್ದಿನ ಮೇಲೆ ಹಾಯ್ದು ಕುರಿಯ ಕಿವಿಗೆ ಮುಟ್ಟಬೇಕು, ಹಾಗೆ ಪಳಗಿದ ಗಂಟಲು. ಅದು ಪಟ್ಟಣದ ಬಾಡಿಗೆ ಮನೆಗೆ ಹೇಗೆ ಹಿಡಿಸೀತು? ಅವರು ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಫೋನೇ ಬೇಕಾಗಿರಲಿಲ್ಲ. ಪಕ್ಕದ ಮನೆಯ ಶೋಭಾರಾಣಿ ಟೀಚರ್ ಕಾಂಪೌಂಡಿನ ಮೇಲಿಂದ, “ಏಕನಾಥಮ್ಮೋರೇ, ನೀವು ಮಾತಾಡಿದ್ರೆ ನಮ್ಮ ನಾಯಿ ಮಂಚದ ಕೆಳಗೆ ಸೇರ್ಕಳ್ತದೆ ಕಣ್ರಿ!” ಎಂದು ದೂರುತ್ತಿದ್ದರು. “ನಾಯಿಗೆ ಧೈರ್ಯ ಕಲ್ಸ್ರಿ!” ಎಂದು ಇವರು ಇನ್ನೂ ಜೋರಾಗಿ ಹೇಳುತ್ತಿದ್ದರು.

ಇಂಥ ಮನೆಯಲ್ಲಿ ನಿಂತು ಯಶೋದಾ ಮುದ್ದೆಕೋಲನ್ನು ಖಡ್ಗದಂತೆ ಎತ್ತಿ ಹಿಡಿದು ಶಪಥ ಮಾಡಿದಳು.

“ಪ್ರದೀಪಾ, ಸದ್ದು ನನಗೆ ಬಿಡು. ನಾಳೆ ಬೆಳಗ್ಗೆ ಈ ಮನೇಲಿ ಇರುವೆ ನಡೆದ್ರೂ ಕೇಳ್ಬೇಕು, ಅಂಥಾ ನಿಶ್ಶಬ್ದ ತರ್ತೀನಿ!”

“ನಿಶ್ಶಬ್ದಾನಾ?” ಎಂದ ಶಿವರಾಜ್. “ನಮ್ಮವ್ವ ಇರೋ ಮನೇಲಾ? ನಲವತ್ತು ವರ್ಷ ನಮ್ಮಪ್ಪನ ಕೈಲಿ ಆಗ್ಲಿಲ್ಲ ಕಣೇ ಅದು!”

“ನಿಮ್ಮಪ್ಪನ ಕೈಲಿ ಆಗದೇ ಇರೋದನ್ನ ಮಾಡೋಕೇ ನನ್ನ ಈ ಮನೆಗೆ ತಂದಿರೋದು ರೀ!”

ಮರುದಿನ ಪ್ರದೀಪ ಹಿರಿಯೂರಿಗೆ ಹೊರಟ. ರಸ್ತೆ ಅಗೆದು ಬೀದಿಯ ಇಂಟರ್‌ನೆಟ್ ತಂತಿ ತುಂಡಾಗಿತ್ತು. ಅಲ್ಲಿ ಅವನ ಗೆಳೆಯನ ಝೆರಾಕ್ಸ್ ಅಂಗಡಿಯಿಂದ ಆ ಸಂಜೆಯೊಳಗೆ ಆಟವನ್ನು ಮೇಳಕ್ಕೆ ಕಳಿಸಬೇಕಿತ್ತು. ಹೋಗುವಾಗ, “ದಪ್ಪ ಬಟ್ಟೆ ಏನಾದ್ರೂ ಹೊದ್ಕೊಂಡು ರೆಕಾರ್ಡ್ ಮಾಡಿ ಅತ್ತಿಗೆ, ಹೊರಗಿನ ಸದ್ದು ಬರಲ್ಲ. ಆದ ಕೂಡ್ಲೇ ವಾಟ್ಸಾಪ್ ಮಾಡಿ,” ಎಂದ. ಹೆಡ್‌ಫೋನು ಮಾತ್ರ ಮರೆತುಹೋದ. ಅದನ್ನು ಇಂಚರ ತನ್ನ ಗೊಂಬೆಗೆ ಡೊಳ್ಳಿನಂತೆ ಕಟ್ಟಿದ್ದಳು.

ಯಶೋದಾ ಸೆರಗು ಸಿಕ್ಕಿಸಿದಳು. ಫ್ರಿಜ್ ಆಫ್! ನೀರಿನ ಮೋಟಾರ್ ಆಫ್! ಕುಕ್ಕರಿಗೆ ರಜೆ! ಗೋಡೆ ಗಡಿಯಾರದ ಬ್ಯಾಟರಿ ಹೊರಗೆ! ಕರೆಗಂಟೆಯ ತಂತಿಯನ್ನೂ ಕಿತ್ತಳು. ಉಳಿದದ್ದು ಅತ್ತೆ.

“ಅತ್ತೆಮ್ಮಾ, ಎಲೆ ಅಡಿಕೆ ಮುಗಿದೈತೆ. ಇಂಚರಾಗೆ ಬಳೇನೂ ಬೇಕಂತೆ. ಸಂತೇಪೇಟೆ ಕಡೆ ನಿಧಾನಕ್ಕೆ ಹೋಗಿ ಬರ್ರಿ. ಅವಸರ ಏನಿಲ್ಲ.”

“ಯಾವತ್ತೂ ಬೇಗ ಬರ್ರಿ ಅಂಬಾಕಿ, ಇವತ್ತು ನಿಧಾನಕ್ಕೆ ಅಂತೀಯಲ್ಲೇ?” ಎಂದು ಗುಡುಗುತ್ತಲೇ ಏಕನಾಥಮ್ಮ ಮೊಮ್ಮಗಳ ಕೈ ಹಿಡಿದು ಹೊರಟರು. ಬೀದಿ ತಿರುಗುವವರೆಗೂ ದನಿ ಕೇಳಿಸಿತು. ಆಮೇಲೆ, ಆಹಾ! ನಿಶ್ಶಬ್ದ!

ಹೊದೆಯಲು ದಪ್ಪ ಬಟ್ಟೆ ಯಾವುದು? ಬೆಡ್‌ಶೀಟು ತೆಳು, ರಗ್ಗನ್ನು ಅದೇ ಬೆಳಗ್ಗೆ ಒಗೆಯಲು ನೆನೆಹಾಕಿದ್ದಾಗಿತ್ತು. ಆಗ ಅವಳ ಕಣ್ಣು ಬೀರುವಿನ ಮೇಲೆ ಹೋಯಿತು. ಅಲ್ಲಿ ಬಿಳಿ ಪಂಚೆಯಲ್ಲಿ ಸುತ್ತಿಟ್ಟ ಕರಿ ಕಂಬಳಿ ಇತ್ತು. ಅತ್ತೆಯ ತವರಿನದು. ಹಬ್ಬಕ್ಕೆ, ಮದುವೆಗೆ ಅದನ್ನು ಹಾಸಿ, ಭಂಡಾರದ ಅರಿಶಿನ ಇಟ್ಟು, ದೇವರಿಗೆ ಗದ್ದುಗೆ ಮಾಡುವುದು ವಾಡಿಕೆ. ದೇವರು ಕೂರುವ ಕಂಬಳಿಯ ಮೇಲೆ ಮನುಷ್ಯರು ಕೂರುವಂತಿಲ್ಲ. ಯಶೋದಾ ಯೋಚಿಸಿದಳು. ತಾನು ಕಂಬಳಿಯ ಮೇಲೆ ಕೂರುವುದಿಲ್ಲ, ಕೆಳಗೆ ಕೂರುತ್ತೇನೆ! ಮೇಲೆ ಬೇಕಾದರೆ ದೇವರೇ ಕೂರಲಿ! ಹೀಗೆ ಧರ್ಮಸೂಕ್ಷ್ಮವನ್ನು ತಾನೇ ಬಿಡಿಸಿಕೊಂಡು, ಕೈಮುಗಿದು, ಕಂಬಳಿ ಇಳಿಸಿದಳು. ಅದನ್ನು ತಲೆಯ ಮೇಲಿಂದ ಹೊದ್ದು, ನಡುಕೋಣೆಯ ಮಂಚದ ಮೇಲೆ ಮೊಣಕಾಲೂರಿ ಕೂತು, ಮುಂದೆ ಫೋನು ಇಟ್ಟಳು.

ಬೇಸಿಗೆಯ ಬೆಳಗು. ಕಂಬಳಿಯೊಳಗೆ ಇಟ್ಟಿಗೆ ಗೂಡಿನ ಕಾವು. ಆದರೆ ಒಳಗಿನ ವಾಸನೆ! ಉಣ್ಣೆ, ಅರಿಶಿನ, ಹೊಗೆ, ಯಾವುದೋ ಹಳೆಯ ಮಳೆ. ಆ ಕತ್ತಲಲ್ಲಿ ಕಣ್ಣಿನ ಕೆಲಸ ಏನೂ ಇರಲಿಲ್ಲ. ಬೆರಳುಗಳೇ ಮಾಡದಕೆರೆಯ ಕಾಲುವೆ ದಂಡೆಗೆ ಹೋಗಿ ಕೂತವು. ಸರಕ್, ಸರಕ್. ಕತ್ತಿದೋಣಿಯ ಮೂತಿ ತಾನೇ ಚೂಪಾಯಿತು. ಮಡಚುವ ಸದ್ದು ಆಯಿತು. ಬಿಚ್ಚುವ ಸದ್ದು ಆಯಿತು. ಪಟಪಟವೂ ಆಯಿತು. ಕೊನೆಯದಕ್ಕೆ ಫೋನಿನ ಗುಂಡಿ ಒತ್ತಿ, ಬೀಳಿಸಲು ಹಾಳೆಯನ್ನು ಮೇಲೆತ್ತಿದಳು.

ಅದೇ ಹೊತ್ತಿಗೆ ಅಜ್ಜಿ ಮೊಮ್ಮಗಳು ಅರ್ಧ ದಾರಿಯಿಂದಲೇ ವಾಪಸ್ಸಾಗಿದ್ದರು. ಇಂಚರಾಗೆ ಸೂಸು ಬಂದಿತ್ತು. ಕರೆಗಂಟೆ ಒತ್ತಿದರೆ ಸದ್ದಿಲ್ಲ, ಕೂಗಿ ಕಾಯಲು ಮಗುವಿಗೆ ತಡೆಯದು! ಹಿತ್ತಲ ಬಾಗಿಲಿನಿಂದ ಬಂದು, ಮಗುವನ್ನು ಬಚ್ಚಲಿಗೆ ಬಿಟ್ಟು, ಏಕನಾಥಮ್ಮ ನಡುಕೋಣೆಗೆ ಇಣುಕಿದರು.

ಆ ಬೇಸಿಗೆಯಲ್ಲಿ ಜೋಗಿಮಟ್ಟಿ ಕಾಡಿನ ಕಡೆಯಿಂದ ಕರಡಿಯೊಂದು ದಾರಿ ತಪ್ಪಿ ಊರಂಚಿನ ಬಡಾವಣೆಗೆ ಬಂದು ಹೋಗಿತ್ತು. ಊರಿನವರ ಬಾಯಲ್ಲಿ ಅದೇ ಮಾತು. ಈಗ ಮಂಚದ ಮೇಲೆ ಕರ್ರಗೆ, ಜುಂಜು ಜುಂಜಾಗಿ, ಗುಡ್ಡದಂತೆ ಏನೋ ಕೂತು ಮಿಸುಕಾಡುತ್ತಿದ್ದರೆ ಏಕನಾಥಮ್ಮ ಏನೆಂದು ತಿಳಿಯಬೇಕು?

“ಕರಡೀ! ಕರಡಿ ಬಂದೈತೆ! ಬರ್ರಪ್ಪೋ! ನಮ್ಮನಿಗೆ ಕರಡಿ ಬಂದೈತೆ!”

ಹೆದ್ದಾರಿ ದಾಟುತ್ತಿದ್ದ ದನಿ ಅದು. ಕಂಬಳಿ ದಾಟುವುದೇನು ದೊಡ್ಡದು! ಒಳಗಿದ್ದ ಯಶೋದಾಗೆ ಕೇಳಿದ್ದು ಒಂದೇ ಪದ: ಕರಡಿ. ಕರಡಿ ಮನೆಯೊಳಗಿದೆ, ಅತ್ತೆ ಕೂಗುತ್ತಿದ್ದಾರೆ, ಮಗಳು ಎಲ್ಲೋ! ಅವಳು ಕಂಬಳಿ ಸಮೇತ ಎದ್ದು, ದನಿ ಬಂದ ಕಡೆಗೆ ನುಗ್ಗಿದಳು. ಅಂದರೆ, ಏಕನಾಥಮ್ಮನವರ ಕಣ್ಣಿಗೆ, ಕರಡಿ ಎರಡು ಕಾಲಿನ ಮೇಲೆ ನಿಂತು ನೇರ ಅವರ ಮೇಲೇ ಬಂತು! ಅವರು ಕೈಗೆ ಸಿಕ್ಕ ಕಡ್ಡಿಪೊರಕೆಯಿಂದ ಬಾರಿಸಿದರು. ಕರಡಿ, “ಅಯ್ಯಮ್ಮಾ!” ಎಂದು ಕಂಬಳಿಯ ಅಂಚು ತುಳಿದು, ಧಡಾರನೆ ನೆಲಕ್ಕೆ ಬಿತ್ತು. ಫೋನೂ ಜೊತೆಗೆ ಬಿತ್ತು.

ಕಂಬಳಿಯ ತುದಿಯಲ್ಲಿ ಒಂದು ಕಾಲು ಕಾಣಿಸಿತು. ಕಾಲಲ್ಲಿ ಬೆಳ್ಳಿ ಕಾಲುಂಗುರ!

ಪೊರಕೆ ಕೆಳಗೆ ಬಿತ್ತು. ಅದೇ ಗಂಟಲು, ಅದೇ ಏರುದನಿ, ಆದರೆ ಒಳಗೆ ಬೇರೆ ಏನೋ ತುಂಬಿಕೊಂಡಿತು.

“ಬಿದ್ಯಾ? ಏಳು, ಏಳು ನನ್ನವ್ವ! ಏನಾಗಿಲ್ಲ, ಏಳು!”

ಯಶೋದಾ ಎದ್ದು ಕೂರುವಷ್ಟರಲ್ಲಿ ಬೀದಿಯೇ ಒಳಗೆ ಬಂದಿತ್ತು. ಶೋಭಾರಾಣಿ ಟೀಚರ ಗಂಡ ಮೂರ್ತಪ್ಪನವರು ಬಟ್ಟೆ ಒಣಹಾಕುವ ಕೋಲು ಹಿಡಿದು ಮುಂದೆ. ಟೀಚರು ಅವರ ಬನಿಯನ್ ಹಿಡಿದು ಹಿಂದೆ.

“ಎಲ್ಲಿ? ಎಲ್ರಿ ಕರಡಿ?”

“ಅದೇ,” ಎಂದು ಏಕನಾಥಮ್ಮ ಸೊಸೆಯ ಕಡೆ ಕೈ ತೋರಿದರು. “ನಮ್ಮನೀದೇ. ಸಾಕಿರಾದು.”

ಯಾರೋ ಅರಣ್ಯ ಇಲಾಖೆಗೆ ಫೋನು ಮಾಡಿಬಿಟ್ಟಿದ್ದರು. ಬಲೆ ಸಮೇತ ಜೀಪು ಬಂತು. ಬಂದವರನ್ನು ಹಾಗೇ ಕಳಿಸಲಾದೀತೇ? “ಕುಂತ್ಕಳ್ರಿ, ಕುಂತ್ಕಳ್ರಿ,” ಎಂದು ಅತ್ತೆಯ ಉಪಚಾರ ಶುರುವಾಯಿತು. ಕರಡಿಯೇ ಎದ್ದು ಹೋಗಿ ಎಲ್ಲರಿಗೂ ಚಹಾ ಕಾಯಿಸಿತು! ಮೋಟಾರ್ ಆಫ್ ಮಾಡಿದ್ದರಿಂದ ನೀರಿಲ್ಲ, ಫ್ರಿಜ್ ಆಫ್ ಮಾಡಿದ್ದರಿಂದ ಹಾಲು ಅರ್ಧ ಒಡೆದಿತ್ತು.

ಗುಂಪು ಕರಗಿದ ಮೇಲೆ ಏಕನಾಥಮ್ಮ ಕಂಬಳಿಯನ್ನು ಎತ್ತಿ ಕೊಡವಿದರು. ಯಶೋದಾ ಉಸಿರು ಬಿಗಿಹಿಡಿದಳು.

“ದೇವ್ರು ಕುಂತ್ಕಳೋ ಕಂಬ್ಳಿ ಕಣವ್ವ ಇದು.”

“ತಪ್ಪಾತು ಅತ್ತೆಮ್ಮಾ.”

“ಇದರ ದಪ್ಪಕ್ಕೆ ನಿನ್ನ ಮೂಳೆ ಉಳೀತು. ದೇವ್ರು ಕುಂತಿದ್ದು ಸಾರ್ಥಕ ಆತು ಬಿಡು.” ಅಷ್ಟೇ ಅಂದರು, ಅರಿಶಿನದ ನೀರು ಚಿಮುಕಿಸಿ ಮಡಚಿಟ್ಟರು.

ಪ್ರದೀಪನ ಫೋನಿನ ಮೇಲೆ ಫೋನು. “ಅತ್ತಿಗೆ, ಎಲ್ಲಿ? ಅತ್ತಿಗೆ, ಟೈಮಾತು!” ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತಲೇ ಯಶೋದಾ ಬೀಳುವ ಸದ್ದನ್ನು ಇನ್ನೊಮ್ಮೆ ಸರಿಯಾಗಿ ರೆಕಾರ್ಡ್ ಮಾಡಿ, ಎಡಗೈಯಲ್ಲಿ ಸದ್ದುಗಳನ್ನು ಆರಿಸಿ ಕಳಿಸಿದಳು. ಕೂಡಲೇ ಉತ್ತರ ಬಂತು: “ಸೂಪರ್ ಅತ್ತಿಗೆ! ಅಂಗಡಿ ಕಂಪ್ಯೂಟರಿಗೆ ಸ್ಪೀಕರ್ ಇಲ್ಲ, ಫೋನಲ್ಲಿ ಕೇಳೋಕೆ ಟೈಮೂ ಇಲ್ಲ, ಆದ್ರೆ ಬೀಳೋ ಸದ್ದಿನ ಅಲೆ ನೋಡಿ ಕೊನೇ ತುಂಡು ಕತ್ತರಿಸ್ಕೊಂಡೆ, ಏನ್ ಎತ್ತರ! ಹಾಳೆಗೆ ಇಷ್ಟು ಶಕ್ತಿ ಇರುತ್ತೆ ಅಂತ ಗೊತ್ತಿರ್ಲಿಲ್ಲ!”

ಯಶೋದಾ ಎದೆಯುಬ್ಬಿಸಿದಳು. ಶಪಥ ಪೂರೈಸಿತು!

ಸಂಜೆ ಪ್ರದೀಪ ನಗುತ್ತಾ ಬಂದ. ಆಟ ಬೆಂಗಳೂರು ಮುಟ್ಟಿತ್ತು. ಶಿವರಾಜನೂ ಷರಟು ಬಿಚ್ಚುತ್ತಾ, “ಎಲ್ಲಿ, ನಮಗೂ ತೋರ್ಸಪ್ಪ,” ಎಂದ. ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ಕೂತರು. ಹಾಳೆರಾಯ ಸರಕ್ಕೆಂದು ದೋಣಿಯಾದ. ಪಟಪಟ ಎಂದು ವಿಮಾನವಾದ. “ಅಬ್ಬಾ!” ಎಂದ ಶಿವರಾಜ್. ಯಶೋದಾಗೆ ಮೈ ಜುಮ್ಮೆಂದಿತು. ರಾಯರು ಬಂಡೆಯಿಂದ ಬಂಡೆಗೆ ಹಾರಲು ಹೋಗಿ, ಜಾರಿ ಬಿದ್ದರು.

ಧಡಾರ್! “ಬಿದ್ಯಾ? ಏಳು, ಏಳು ನನ್ನವ್ವ! ಏನಾಗಿಲ್ಲ, ಏಳು!”

ಮನೆಯಲ್ಲಿ ನಿಜವಾದ ನಿಶ್ಶಬ್ದ ಬಂತು. ಇರುವೆ ನಡೆದಿದ್ದರೆ ಕೇಳುತ್ತಿತ್ತು.

ಸರಿಯಾದದ್ದು ಫೋನಿನಲ್ಲೇ ಉಳಿದಿತ್ತು. ಕರಡಿಯ ಪ್ರಸಂಗ ಬೆಂಗಳೂರಿಗೆ ಹೋಗಿತ್ತು! ಪ್ರದೀಪ ಬಯ್ಯಲಿಲ್ಲ. “ಇರ್ಲಿ ಬಿಡಿ ಅತ್ತಿಗೆ,” ಎಂದು ಲ್ಯಾಪ್‌ಟಾಪ್ ಮುಚ್ಚಿದ. ಬೈದಿದ್ದರೆ ಚೆನ್ನಾಗಿತ್ತು. ಶಿವರಾಜ್ ಗಂಟಲು ಸರಿಮಾಡಿಕೊಂಡು, “ಪಂಚಾಕ್ಷರಪ್ಪೋರಿಗೆ ಒಂದ್ ಫೋನ್ ಮಾಡ್ತೀನಿ,” ಎಂದ.

“ನನ್ನ ಹಾಳ್ ಬಾಯಿ,” ಎಂದರು ಏಕನಾಥಮ್ಮ. ಅದೇ ಕೊನೆ. ಅಂದಿನಿಂದ ಅವರು ದನಿ ಎತ್ತಲಿಲ್ಲ. “ಊಟಕ್ ಬರ್ರಿ” ಎನ್ನುವುದೂ ಪಿಸುಮಾತಾಯಿತು. ಶೋಭಾರಾಣಿ ಟೀಚರು ಕಾಂಪೌಂಡಿನ ಮೇಲಿಂದ ಇಣುಕಿ, “ಅವರಿಗೆ ಮೈ ಹುಷಾರಿಲ್ವೇನ್ರಿ? ನಮ್ಮ ನಾಯಿ ಊಟ ಬಿಟ್ಟೈತೆ!” ಎಂದು ವಿಚಾರಿಸಿಕೊಂಡರು.

ನಿಶ್ಶಬ್ದ ಬೇಕೆಂದು ಶಪಥ ಮಾಡಿದವಳಿಗೆ ನಿಶ್ಶಬ್ದ ಸಿಕ್ಕಿತ್ತು. ಆದರೆ ಅದರಲ್ಲಿ ಇರಲು ಬರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಆ ದನಿಗೆ ಯಶೋದಾ ಬೆಚ್ಚಿ ಬೀಳುತ್ತಿದ್ದಳು. ಆಮೇಲೆ ಅದು ಮನೆಯ ಗಡಿಯಾರವಾಯಿತು. ಇಂಚರ ಹುಟ್ಟಿದ ಮರುದಿನ ಆಸ್ಪತ್ರೆಯ ಮಂಚದಿಂದ ಇಳಿಯಹೋಗಿ ಅವಳ ಮೊಣಕಾಲು ಕುಸಿದಿತ್ತು. ಉಳಿದವರೆಲ್ಲ ಗಾಬರಿಯಾಗಿ ಹಿಡಿಯಲು ಬಂದರೆ, ಅತ್ತೆ ವಾರ್ಡು ನಡುಗುವಂತೆ ಅಂದದ್ದೂ ಅದೇ ಮಾತು. ಬಿದ್ಯಾ? ಏಳು. ಏನಾಗಿಲ್ಲ. ಆ ಮಾತಿಗೇ ಕಾಲು ನಿಂತಿತ್ತು. ಆಚೆ ಮಂಚದ ಬಾಣಂತಿಯೂ ಎದ್ದು ನಿಂತಿದ್ದಳು!

ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ಹೋಗಿ ಅತ್ತೆಯ ಪಕ್ಕ ಕೂತಳು.

“ಅತ್ತೆಮ್ಮಾ, ಬೈಕಂಡಾದ್ರೂ ಮಾತಾಡ್ರಿ. ತಪ್ಪು ನಂದು.”

“ಬಿದ್ಯಾ, ಏಳು ಅನ್ನಾದು ಬೈಗ್ಳ ಅಲ್ಲವ್ವ,” ಎಂದರು ಅವರು, ಅದೇ ಸಣ್ಣ ದನಿಯಲ್ಲಿ. “ಕುರಿ ಮರಿ ಹಾಕ್ತದಲ್ಲ, ಮರಿ ಏಳಾಕೆ ಹೋಗಿ ಬೀಳ್ತದೆ. ಕಾಲು ಕಡ್ಡಿ ಕಡ್ಡಿ. ಮುಂದ್ಲ ಕಾಲು ಎದ್ರೆ ಹಿಂದ್ಲದು ಮಡಚ್ಕಂತದೆ. ಆಗ ನಮ್ಮವ್ವ ಪಕ್ಕ ಕುಂತು ಹಂಗನ್ನಾಳು. ಸಣ್ಣಾಗಿ ಅಂದ್ರೆ ಮರಿ ಏಳಾಕಿಲ್ಲ, ಜೋರಾಗೇ ಅನ್ಬೇಕು. ಅವ್ವ ಇನ್ಮ್ಯಾಗೆ ಕೈಲಾಗಲ್ಲ ಅಂದಾಗ ನಾನು ಹಂಗನ್ನಾಕೆ ಹತ್ತಿದೆ. ಈಗ ಕುರಿ ಇಲ್ಲ. ಬಾಯಿ ಮಾತ್ರ ಉಳ್ಕಂತು.” ಒಂದು ಕಡಲೆಕಾಯಿ ಸುಲಿದು ಮೊರಕ್ಕೆ ಹಾಕಿ, “ಪ್ರದೀಪನ ಆ ಹಾಳೇನೂ ಹಂಗೇ ಬೀಳ್ತದೆ, ನೋಡಿದೀಯಾ? ಹುಟ್ಟಿದ ಮರಿ ಹಂಗೆ,” ಎಂದರು.

ಯಶೋದಾ ಸೆರಗಿನಿಂದ ಮೂಗು ಒರೆಸಿಕೊಂಡು, ಅವರ ಮುಂದಿದ್ದ ಕಡಲೆಕಾಯಿ ಸುಲಿಯತೊಡಗಿದಳು.

ಮಂಡಿಗೆ ಹೋಗಲು ಪ್ರದೀಪನ ಬ್ಯಾಗು ಸಿದ್ಧವಾಗಿತ್ತು. ಹೊರಡುವ ಹಿಂದಿನ ದಿನ ಬೆಳಗ್ಗೆ ಅವನು ಹಲ್ಲುಜ್ಜುತ್ತಾ ಫೋನು ನೋಡುತ್ತಿದ್ದವನು, ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಅಡುಗೆಮನೆಗೆ ಓಡಿಬಂದ.

“ಅತ್ತಿಗೆ! ತಗಂಡಿದಾರೆ! ನಮ್ಮ ಆಟ ತಗಂಡಿದಾರೆ!”

ಮೇಳದವರು ಬರೆದಿದ್ದರು. ಒಗಟುಗಳು ಸೊಗಸಾಗಿವೆ. ಆದರೆ ಒಂದು ತೊಂದರೆಯಾಗಿದೆ. ನಮ್ಮಲ್ಲಿ ಯಾರೂ ಮುಂದಿನ ಹಂತಕ್ಕೆ ಹೋಗುತ್ತಲೇ ಇಲ್ಲ. ಆ ತಾಯಿಯ ಮಾತು ಕೇಳಲು ಬೇಕೆಂದೇ ಬೀಳುತ್ತಿದ್ದಾರೆ. ಕನ್ನಡ ಬಾರದವರಿಗೂ ಅರ್ಥವಾಗುತ್ತಿದೆ. ಅವರು ಯಾರು? ನೀರಿಗೆ ಬಿದ್ದರೆ ಒಂದು, ಬಂಡೆಯಿಂದ ಬಿದ್ದರೆ ಒಂದು, ಗಾಳಿಗೆ ಹಾರಿ ಬಿದ್ದರೆ ಒಂದು, ಹೀಗೆ ಅದೇ ದನಿಯಲ್ಲಿ ಬೇರೆ ಬೇರೆ ಮಾತು ನಾಳೆಯೊಳಗೆ ಕಳಿಸಿದರೆ ಮೇಳದ ಮುಂಬಾಗಿಲಲ್ಲೇ ನಿಮ್ಮ ಆಟ ಇಡುತ್ತೇವೆ!

ಶಿವರಾಜ್ ಅದನ್ನು ಎರಡು ಸಲ ಓದಿಸಿ ಕೇಳಿದ. “ಪಂಚಾಕ್ಷರಪ್ಪೋರಿಗೆ ನಾನೇ ಹೇಳ್ತೀನಿ ಬಿಡು,” ಎಂದು ತಮ್ಮನ ಬೆನ್ನಿಗೆ ಒಂದು ಗುದ್ದಿದ. “ಲೇ, ನಮ್ಮವ್ವನ ದನಿ ಸುಮ್ನೆ ಅಲ್ಲ ಕಣಲೇ! ನಾನು ಮೊದ್ಲಿಂದ ಹೇಳ್ತಿರಲಿಲ್ವಾ?”

“ನೀವು ಯಾವಾಗ್ರೀ ಹೇಳಿದ್ರಿ?” ಎಂದಳು ಯಶೋದಾ. ಅವನಿಗೆ ಕೇಳಿಸಲಿಲ್ಲ.

ತಕ್ಷಣವೇ ಏರ್ಪಾಡು ನಡೆಯಿತು. ಫ್ರಿಜ್ ಆಫ್! ಮೋಟಾರ್ ಆಫ್! ಟೀಚರ ನಾಯಿಯನ್ನು ಮೂರ್ತಪ್ಪನವರು ವಾಕಿಂಗಿಗೆ ಕರೆದೊಯ್ದರು. ಈ ಸಲ ಗದ್ದುಗೆಯ ಕಂಬಳಿ ಮುಟ್ಟಲಿಲ್ಲ; ಏಕನಾಥಮ್ಮನವರು ಟ್ರಂಕಿನಿಂದ ತಮ್ಮಪ್ಪನ ಹಳೆಯ ಕಂಬಳಿ ತೆಗೆದರು. ಒಂದು ಮೂಲೆ ಮಡಚಿ, ಇನ್ನೊಂದು ಮೂಲೆ ಒಳಗೆ 
ಸೇರಿಸಿ, ಕ್ಷಣದಲ್ಲಿ ಕೊಪ್ಪೆ ಮಾಡಿ ತಲೆಯ ಮೇಲೆ ಹೊದ್ದರು. ಮಳೆಯಲ್ಲಿ ಕುರಿ ಕಾಯುವವರು ಹೊದೆಯುವ ಹಾಗೆಯೇ. ಹೊದ್ದು, ಮಂಡಿ ಮಡಚಿ ಕೂತರು.

ಇಂಚರ ಕಣ್ಣರಳಿಸಿದಳು. “ಅಮ್ಮಾ! ಗೊತ್ತಾತು! ಅಜ್ಜೀನ ಮಡಚಿದ್ರೆ ಗುಡ್ಡ ಆಗ್ತಾಳೆ!”

ಪ್ರದೀಪ ಫೋನು ಹಿಡಿದು ಕೈಸನ್ನೆ ಮಾಡಿದ. ಎಲ್ಲರೂ ಉಸಿರು ಬಿಗಿಹಿಡಿದರು. ಗುಡ್ಡದೊಳಗಿಂದ, ಶಾಲೆಯಲ್ಲಿ ಪದ್ಯ ಮರೆತ ಹುಡುಗಿಯ ದನಿ ಬಂತು:

“ಬಿದ್ದಿರಾ... ದಯವಿಟ್ಟು ಏಳಿ...”

“ಅವ್ವಾ, ಜೋರಾಗಿ!”

“ಏಳಿ... ಏನೂ ಆಗಿರುವುದಿಲ್ಲ...”

“ಅವ್ವಾ, ಯಾಕವ್ವಾ ರೇಡಿಯೋದೋರ ತರ ಮಾತಾಡ್ತೀಯ? ನಿನ್ನ ತರ ಮಾತಾಡು!”

“ಯಂಗ್ ಮಾತಾಡದಪ್ಪ?” ಕೊಪ್ಪೆಯ ಮುಂದಿನಿಂದ ಬೆವೆತ ಮುಖ ಹೊರಗೆ ಬಂತು. “ಎದ್ರಿಗೆ ಯಾರೂ ಬಿದ್ದಿಲ್ಲ. ಸುಮ್ಸುಮ್ನೆ ಏಳು ಏಳು ಅಂದ್ರೆ ಬಾಯಿ ಬರಬೇಕಲ್ಲ?”

ಮತ್ತೆ ಮತ್ತೆ ಹಿಡಿದರು. ದನಿ ಇನ್ನಷ್ಟು ಸಣ್ಣದಾಯಿತೇ ಹೊರತು ದೊಡ್ಡದಾಗಲಿಲ್ಲ. ಶಿವರಾಜ್ ಹಾಸಿಗೆಯ ಮೇಲೆ ಬಿದ್ದು ತೋರಿಸಿದ. “ನೀನು ಬಿದ್ರೆ ನನಗೇನೂ ಅನ್ಸಲ್ಲ ಕಣಪ್ಪ,” ಎಂದರು ತಾಯಿ. ಹೊತ್ತು ಏರುತ್ತಿತ್ತು. ಪ್ರದೀಪನ ಮುಖ ಮತ್ತೆ ಮಡಿಕೆ ಮಡಿಕೆಯಾಗತೊಡಗಿತು.

ಏಕನಾಥಮ್ಮ ಸೊಸೆಯ ಕಡೆ ನೋಡಿದರು. ಅವಳ ಮೊಣಕೈಯ ಮೇಲೆ ಮಾಸುತ್ತಿದ್ದ ನೀಲಿಗಟ್ಟಿದ ಗುರುತನ್ನು ನೋಡಿ, ಅವಳನ್ನು ಹತ್ತಿರ ಕರೆದರು. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅವರು ಅವಳನ್ನು ಏನನ್ನೂ ಕೇಳಿದವರಲ್ಲ, ಹೇಳುವುದಷ್ಟೇ ಗೊತ್ತಿತ್ತು. ಈಗ ಅವಳ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ತೀರಾ ಮೆತ್ತಗೆ ಕೇಳಿದರು:

“ಯಶೋದಮ್ಮಾ, ಬ್ಯಾಸ್ರ ಮಾಡ್ಕಬ್ಯಾಡ. ನನಗೋಸ್ಕರ ಒಂದು ಉಪಕಾರ ಮಾಡ್ತೀಯೇನವ್ವಾ? ಇನ್ನೊಂದ್ಸಲ ಬೀಳ್ತೀಯಾ?”